ಕಿರಣ ತಗುಲಿದ ಜೀವಕೋಶ

ಕೃಷ್ಣೆ ಮತ್ತು ಭೀಮೆಯರ ನಡುವಣ ನಮ್ಮ ಸೀಮೆಯಲ್ಲಿ ಎರಡು ಬಗೆಯ ಶಿಲೆಗಳು ಒಂದನ್ನೊಂದು ಸಂಧಿಸುತ್ತವೆ. ಯಾದಗಿರಿಯ ಕೋಟೆಯ ಗುಡ್ಡ, ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟ, ಸುರಪುರವನ್ನು ಸುತ್ತುವರಿದ ಬಂಡೆಗಳು, ಇವೆಲ್ಲವೂ ಕಣಶಿಲೆ, ಎಂದರೆ ಗ್ರಾನೈಟು. ಇದರ ಮೇಲೆ ಕೆಲವೆಡೆ ಸುಣ್ಣಕಲ್ಲಿನ ಪದರಗಳು ಹಾಸಿಕೊಂಡಿವೆ. ನಮ್ಮ ಮನೆಗಳ ನೆಲಕ್ಕೆ ಹಾಕುವ ಶಹಾಬಾದು ಕಲ್ಲು ಇಂತಹ ಪದರಗಳಿಂದಲೇ ಬಂದುದು. ಶಹಾಪುರ ತಾಲ್ಲೂಕಿನ ಗೋಗಿಯ ಬಳಿ ಈ ಎರಡು ಶಿಲೆಗಳೂ ಕೂಡುವಲ್ಲಿ ಭೂಮಿಯೊಳಗೆ ಒಂದು ಸ್ತರಭಂಗವಿದೆ. ಅಲ್ಲಿ ಕಲ್ಲು ನುಚ್ಚುನೂರಾಗಿ, ಅದರ ಬಿರುಕುಗಳಲ್ಲಿ ಹರಿದ ನೀರು ಯುಗಯುಗಾಂತರಗಳಲ್ಲಿ ಯುರೇನಿಯಂ ಧಾತುವಿನ ಖನಿಜಗಳನ್ನು ತಂದು ನಿಲ್ಲಿಸಿದೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಭೀಮಾ ಕಣಿವೆಯ ಈ ಶಿಲೆಗಳನ್ನು ಶೋಧಿಸಿದ ಪರಮಾಣು ಖನಿಜ ನಿರ್ದೇಶನಾಲಯದವರು ಇದನ್ನು ಕಂಡುಹಿಡಿದರು. ಇಲ್ಲಿಯ ಅದಿರು ಝಾರ್ಖಂಡದ ಜಾದೂಗುಡದ ಅದಿರಿಗಿಂತಲೂ ಸತ್ವಯುತವಾದುದು. ಮುಂದೆ ಭಾರತೀಯ ಯುರೇನಿಯಂ ನಿಗಮವು ಇಲ್ಲಿ ಗಣಿ ತೆರೆಯುವ ಯೋಜನೆಯನ್ನು ಹಾಕಿದಾಗ ಊರವರ ವಿರೋಧವೂ ಎದ್ದಿತು.

ಆದಿಲಶಾಹಿ ಮನೆತನದ ಮೊದಲ ಅರಸರ ಗೋರಿಗಳಿರುವ ಊರೆಂದು ಗೋಗಿಯನ್ನು ಬಲ್ಲವರು ಕೆಲವರಾದರೆ, ಯುರೇನಿಯಮ್ಮಿನ ಊರೆಂದು ಬಲ್ಲವರು ಇಂದು ಅದಕ್ಕಿಂತ ಹೆಚ್ಚು. ಅದರೊಡನೆ ‘ವಿಕಿರಣ’ ಎಂಬ ಮಾತೂ ಸಂತೆ, ಬಸ್ ನಿಲ್ದಾಣ, ಚಹಾದಂಗಡಿಗಳನ್ನು ಹೊಕ್ಕಿದೆ. ಕೆಲವರು ಅದನ್ನು ಒಂದು ಬಗೆಯ ವಿಷದ ಗಾಳಿಯೆಂದು ತಿಳಿಯುತ್ತಾರೆ. ಮತ್ತೆ ಕೆಲವರು ಎಲ್ಲ ಭಯವೂ ಹುಸಿಯೆಂದು ಕೈಕೊಡವುತ್ತಾರೆ. ಕಿರಣವು ಮೈಯೊಳಗೆ ಹೊಕ್ಕು ಮಾಡುವುದಾದರೂ ಏನು ಎಂಬ ಪ್ರಶ್ನೆಯನ್ನು ಮಾತ್ರ ಇಬ್ಬರೂ ಹೆಚ್ಚಾಗಿ ಕೇಳುವುದಿಲ್ಲ. ಈ ಪ್ರಶ್ನೆಗೆ ಭೌತವಿಜ್ಞಾನವು ಅರ್ಧ ಉತ್ತರವನ್ನು ಮಾತ್ರ ಕೊಡಬಲ್ಲದು. ಉಳಿದರ್ಧ ಜೀವಕೋಶದಲ್ಲಿದೆ.

ಮೊದಲು ಭೌತವಿಜ್ಞಾನದ ಅರ್ಧವನ್ನು ನೋಡೋಣ. ವಿಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕಿಲೋಗ್ರಾಂ ವಸ್ತುವು ಒಂದು ಜೂಲಿನಷ್ಟು ಶಕ್ತಿಯನ್ನು ಕಿರಣದಿಂದ ಹೀರಿಕೊಂಡರೆ ಅದು ಒಂದು ಗ್ರೇ. ಇಡಿಯ ಮೈಗೆ ಒಮ್ಮೆಗೇ ೪ ಗ್ರೇಗಳಷ್ಟು ಕ್ಷ-ಕಿರಣ ತಾಗಿ, ಚಿಕಿತ್ಸೆಯೂ ದೊರೆಯದೆ ಹೋದರೆ, ಹಾಗೆ ತಾಗಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿ ಕೆಲವು ವಾರಗಳಲ್ಲಿ ಸಾಯುತ್ತಾರೆ. ಈಗ ಇದರ ಶಾಖವನ್ನು ಲೆಕ್ಕ ಹಾಕಿರಿ. ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನ ಮೈಗೆ ಬಂದ ಶಕ್ತಿ ೨೪೦ ಜೂಲುಗಳು. ಇದರಿಂದ ಮೈಯ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದಲ್ಲಿ ಒಂದು ಪಾಲಿನಷ್ಟು! ಒಂದು ಚಮಚ ಬಿಸಿ ಚಹಾ ನಮ್ಮ ಮೈಗೆ ಬಿಟ್ಟುಕೊಡುವ ಶಾಖವು ಇದಕ್ಕಿಂತ ಹೆಚ್ಚು. ಚಹಾ ಕುಡಿದು ಸತ್ತವರಿಲ್ಲ. ಹಾಗಾದರೆ ಕೊಲ್ಲುವುದು ಶಕ್ತಿಯ ಮೊತ್ತವಲ್ಲ, ಅದು ಬಂದು ಬೀಳುವ ರೀತಿ ಎಂದಾಯಿತು.

ಚಹಾದ ಶಾಖವು ಕೋಟಿ ಕೋಟಿ ಅಣುಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಒಂದೊಂದು ಅಣುವಿಗೂ ಸಿಗುವುದು ಒಂದು ಸಣ್ಣ ನೂಕು ಮಾತ್ರ. ಕ್ಷ-ಕಿರಣವಾಗಲಿ ಗಾಮಾ ಕಿರಣವಾಗಲಿ ಹಾಗಲ್ಲ. ಅದು ಹಾಯ್ದ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುತ್ತದೆ. ಆ ಎಲೆಕ್ಟ್ರಾನು ತಾನೂ ಓಡುತ್ತ ಮತ್ತಷ್ಟು ಪರಮಾಣುಗಳನ್ನು ಒಡೆಯುತ್ತದೆ. ಅಣುವನ್ನು ಹಿಡಿದಿಟ್ಟ ಬಂಧಗಳನ್ನು ಹರಿಯಲು ಸಾಲುವುದಕ್ಕಿಂತ ಹಲವು ಪಟ್ಟು ಶಕ್ತಿ ಹೀಗೆ ಒಂದೇ ಬಿಂದುವಿನಲ್ಲಿ ಸುರಿಯುತ್ತದೆ. ಜೀವಕೋಶದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಆದುದರಿಂದ ಪೆಟ್ಟು ಬೀಳುವುದೂ ಹೆಚ್ಚಾಗಿ ನೀರಿಗೆ. ಒಡೆದ ನೀರಿನ ಅಣುವಿನಿಂದ ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ ಹೈಡ್ರಾಕ್ಸಿಲ್ ಎಂಬ ತುಣುಕು ಹುಟ್ಟುತ್ತದೆ. ಇದರ ಆಯುಸ್ಸು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನ ಲೆಕ್ಕದ್ದು. ಅಷ್ಟರೊಳಗೆ ಅದು ಪಕ್ಕದಲ್ಲಿರುವುದನ್ನು ಕಚ್ಚದೆ ಬಿಡುವುದಿಲ್ಲ. ಕ್ಷ-ಕಿರಣಗಳಿಂದ ಜೀವಕೋಶಕ್ಕೆ ಒದಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೇರವಾದ ಪೆಟ್ಟಿನಿಂದಲ್ಲ, ಈ ನೀರಿನ ಚೂರುಗಳಿಂದ ಬಂದುದು.

ಕೋಶದಲ್ಲಿ ಲಕ್ಷಾಂತರ ಪ್ರೋಟೀನುಗಳಿವೆ. ಅವುಗಳಲ್ಲಿ ಕೆಲವು ಮುರಿದರೆ ಕೋಶವು ಬೇರೆಯವನ್ನು ಮಾಡಿಕೊಳ್ಳುತ್ತದೆ. ಆದರೆ ಹಾಗೆ ಮಾಡಿಕೊಳ್ಳಲು ಬೇಕಾದ ಬರೆಹವಿರುವುದು ಒಂದೇ ಕಡೆ. ಕೋಶಕೇಂದ್ರದಲ್ಲಿ ವರ್ಣತಂತುಗಳಾಗಿ ಸುತ್ತಿಕೊಂಡಿರುವ ಡಿಆಕ್ಸಿರೈಬೋನ್ಯೂಕ್ಲಿಯಿಕ್ ಆಮ್ಲ, ಎಂದರೆ ಡಿ.ಎನ್.ಎ., ಆ ಬರೆಹ. ಮನುಷ್ಯನ ಒಂದೊಂದು ಕೋಶದಲ್ಲಿಯೂ ಇದರ ಎಳೆಗಳನ್ನು ಬಿಡಿಸಿ ಜೋಡಿಸಿದರೆ ಎರಡು ಮೀಟರು ಉದ್ದವಾಗುತ್ತದೆ. ಅದರಲ್ಲಿರುವ ಅಕ್ಷರಗಳ ಜೋಡಿಗಳು ಸುಮಾರು ೬೪೦ ಕೋಟಿ. ಅಕ್ಷರಗಳು ನಾಲ್ಕೇ ಬಗೆ. ಎರಡು ಎಳೆಗಳು ಒಂದನ್ನೊಂದು ಹೆಣೆದುಕೊಂಡಿದ್ದು, ಒಂದರ ಅಕ್ಷರವನ್ನು ಕಂಡರೆ ಎದುರಿನ ಎಳೆಯ ಅಕ್ಷರವಾವುದೆಂದು ತಪ್ಪದೆ ಹೇಳಬಹುದು.

ಕೋಶವು ಎರಡಾಗುವ ಮೊದಲು ಈ ಬರೆಹವೆಲ್ಲ ಒಮ್ಮೆ ಪ್ರತಿಯಾಗಬೇಕು. ಡಿ.ಎನ್.ಎ. ಸಂಶ್ಲೇಷಣೆ ಎನ್ನುವುದು ಇದನ್ನೇ. ಎರಡು ಎಳೆಗಳು ಬಿಚ್ಚಿಕೊಂಡು, ಒಂದೊಂದರ ಎದುರಿಗೂ ಹೊಸ ಎಳೆ ಬೆಳೆಯುತ್ತದೆ. ಬರೆಯುವ ಕಿಣ್ವದ ವೇಗ ಸೆಕೆಂಡಿಗೆ ಐವತ್ತು ಅಕ್ಷರಗಳ ಆಸುಪಾಸು. ಒಂದೇ ಕಡೆಯಿಂದ ಬರೆಯುತ್ತ ಹೋದರೆ ಮುಗಿಯುವುದಕ್ಕೆ ನಾಲ್ಕು ವರ್ಷ ಬೇಕಾದೀತು. ಕೋಶವು ಸಾವಿರಾರು ಸ್ಥಳಗಳಲ್ಲಿ ಬರವಣಿಗೆಯನ್ನು ಬೇರೆಬೇರೆಯಾಗಿ ಆರಂಭಿಸಿ, ಎಂಟು ಗಂಟೆಗಳ ಆಸುಪಾಸಿನಲ್ಲಿ ಮುಗಿಸಿಬಿಡುತ್ತದೆ. ಈ ‘ಬೇರೆಬೇರೆ ಸ್ಥಳಗಳಲ್ಲಿ ಆರಂಭ’ ಎಂಬ ಮಾತನ್ನು ವಾಚಕರು ನೆನಪಿಡಬೇಕು; ಮುಂದೆ ಬೇಕಾಗುತ್ತದೆ.

ಹಿಂದೆ ನಮ್ಮ ಮಠಗಳಲ್ಲಿ ಓಲೆಗರಿಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರನನ್ನು ಕಲ್ಪಿಸಿಕೊಳ್ಳಿರಿ. ಮೂಲದ ಗರಿಯಲ್ಲಿ ಒಂದು ಅಕ್ಷರ ಹುಳು ತಿಂದಿದ್ದರೆ ಅವನು ಅರ್ಥವನ್ನು ನೋಡಿ ತುಂಬಿಸಿಕೊಂಡಾನು. ಗರಿಯೇ ನಡುವೆ ತುಂಡಾಗಿ ಹೋಗಿದ್ದರೆ? ಒಳ್ಳೆಯ ಲಿಪಿಕಾರನು ಕಂಠವನ್ನು ಕೆಳಗಿಟ್ಟು ಇನ್ನೊಂದು ಪ್ರತಿಯನ್ನು ಹುಡುಕುತ್ತಾನೆ. ಅವಸರದವನು ಸಿಕ್ಕಿದ ತುಂಡುಗಳನ್ನು ಜೋಡಿಸಿ ಬರೆದು ಮುಗಿಸುತ್ತಾನೆ. ಮುಂದಿನವರೆಲ್ಲ ಅವನ ತಪ್ಪನ್ನೇ ಪ್ರತಿ ಮಾಡುತ್ತ ಹೋಗುತ್ತಾರೆ.

ಒಂದು ಗ್ರೇಯಷ್ಟು ಕ್ಷ-ಕಿರಣ ತಾಗಿದ ಮನುಷ್ಯಕೋಶವೊಂದರಲ್ಲಿ, ಒಂದು ಎಳೆ ಮಾತ್ರ ಹರಿದ ಗಾಯಗಳು ಸುಮಾರು ಸಾವಿರ. ಎರಡು ಎಳೆಗಳೂ ಎದುರುಬದುರಾಗಿ ಹರಿದ ಗಾಯಗಳು ಮೂವತ್ತು-ನಲವತ್ತು. ಮೊದಲನೆಯವು ಹುಳು ತಿಂದ ಅಕ್ಷರಗಳಂತೆ. ಎದುರಿನ ಎಳೆ ಇರುವುದರಿಂದ ಕೋಶದ ಕಿಣ್ವಗಳು ಅವನ್ನು ಕೆಲವು ನಿಮಿಷಗಳಲ್ಲಿಯೇ ಸರಿಮಾಡುತ್ತವೆ. ಕಿರಣವೇ ಇಲ್ಲದಿದ್ದರೂ, ನಾವು ಉಸಿರಾಡಿ ಉಂಡು ಬದುಕುವುದರಿಂದಲೇ ಒಂದೊಂದು ಕೋಶದಲ್ಲಿಯೂ ದಿನಕ್ಕೆ ಇಂತಹ ಸಣ್ಣ ಗಾಯಗಳು ಹತ್ತಾರು ಸಾವಿರ ಆಗುತ್ತಿರುತ್ತವೆ. ಎರಡನೆಯವು ತುಂಡಾದ ಗರಿಗಳು. ಕಿರಣವು ತನ್ನ ಶಕ್ತಿಯನ್ನು ಗುಂಪುಗುಂಪಾಗಿ ಚೆಲ್ಲುವುದರಿಂದಲೇ ಎರಡು ಎಳೆಗಳೂ ಒಟ್ಟಿಗೆ ಹರಿಯುವುದು, ಶಾಖದಿಂದ ಇದಾಗದು. ೨೪೦ ಜೂಲುಗಳು ಮನುಷ್ಯನನ್ನು ಕೊಲ್ಲುವ ಗುಟ್ಟು ಇಲ್ಲಿದೆ.

ಗಾಯದ ಸುದ್ದಿ ಇಷ್ಟಾಯಿತು. ಗಾಯಗೊಂಡ ಕೋಶದಲ್ಲಿ ಪ್ರತಿ ಮಾಡುವ ಕೆಲಸದ ಗತಿಯೇನು?

ಇದನ್ನು ಮೊದಲು ಅಳೆದವರು ಜಾರ್ಜ್ ಹೆವೆಶಿ ಮತ್ತು ಹಾನ್ಸ್ ಫಾನ್ ಆಯ್ಲರ್. ಎರಡನೆಯ ಮಹಾಯುದ್ಧದ ನಡುವೆ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಅವರು ಇಲಿಗಳ ಗಂತಿಗಳ ಮೇಲೆ ಕ್ಷ-ಕಿರಣವನ್ನು ಬಿಟ್ಟು, ವಿಕಿರಣಪಟು ರಂಜಕವನ್ನು ಇಲಿಗಳಿಗೆ ಚುಚ್ಚಿದರು. ಡಿ.ಎನ್.ಎ.ಯ ಬೆನ್ನೆಲುಬಿನಲ್ಲಿ ರಂಜಕವಿರುವುದರಿಂದ, ಹೊಸದಾಗಿ ಎಳೆ ಬೆಳೆದಷ್ಟೂ ಈ ಗುರುತಿನ ರಂಜಕವು ಅದರೊಳಗೆ ಸೇರಬೇಕು. ಕಿರಣ ತಾಗಿದ ಗಂತಿಯಲ್ಲಿ ಅದು ಬಹಳ ಕಡಿಮೆ ಸೇರಿದುದನ್ನು ಅವರು ಕಂಡರು. ಡಿ.ಎನ್.ಎ. ಸಂಶ್ಲೇಷಣೆಯನ್ನು ವಿಕಿರಣವು ಕುಗ್ಗಿಸುತ್ತದೆ ಎಂಬ ಸಂಗತಿ ಹೀಗೆ ೧೯೪೨ರ ವೇಳೆಗೆ ತಿಳಿದುಬಂದಿತು. ಆ ಆಮ್ಲವೇ ಆನುವಂಶಿಕತೆಯ ಬರೆಹವೆಂದು ಆಗ ಇನ್ನೂ ಸ್ಥಿರಪಟ್ಟಿರಲಿಲ್ಲ ಎಂಬುದು ಇಲ್ಲಿಯ ಸ್ವಾರಸ್ಯ.

ಮುಂದಿನ ಹೆಜ್ಜೆಯನ್ನಿಟ್ಟವರು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಆಲ್ಮಾ ಹೊವರ್ಡ್ ಮತ್ತು ಸ್ಟೀಫನ್ ಪೆಲ್ಕ್. ಅವರು ತೆಗೆದುಕೊಂಡುದು ಅವರೆಯ ಬಳಗದ ಒಂದು ವಿಲಾಯತಿ ಕಾಳಿನ ಬೇರಿನ ತುದಿಯನ್ನು. ಅದಕ್ಕೆ ವಿಕಿರಣಪಟು ರಂಜಕವನ್ನು ಉಣಿಸಿ, ಜಜ್ಜಿ, ಛಾಯಾಪದರದಡಿ ಕತ್ತಲೆಯಲ್ಲಿಟ್ಟರೆ, ಯಾವ ಕೋಶಗಳು ಡಿ.ಎನ್.ಎ.ಯನ್ನು ಮಾಡುತ್ತಿದ್ದುವೋ ಅವು ತಮ್ಮ ಚಿತ್ರವನ್ನು ತಾವೇ ಬರೆದುಕೊಳ್ಳುತ್ತವೆ. ಕೋಶವು ಸದಾ ಪ್ರತಿ ಮಾಡುತ್ತಿರುವುದಿಲ್ಲ, ಎರಡು ವಿಭಜನೆಗಳ ನಡುವೆ ಗೊತ್ತಾದ ಒಂದು ಅವಧಿಯಲ್ಲಿ ಮಾತ್ರ ಮಾಡುತ್ತದೆ, ಅದರ ಹಿಂದೆ ಒಂದು ಬಿಡುವು, ಮುಂದೆ ಒಂದು ಬಿಡುವು ಇವೆ ಎಂದು ಇದರಿಂದ ಗೊತ್ತಾಯಿತು. ಇಂದು ಕಾಲೇಜಿನ ಪುಸ್ತಕಗಳಲ್ಲೆಲ್ಲ ಚಕ್ರದಂತೆ ಚಿತ್ರಿಸಿರುವ ‘ಕೋಶಚಕ್ರ’ ಹುಟ್ಟಿದುದು ಹೀಗೆ. ಆದರೆ ಅವರು ಹೊರಟಿದ್ದುದು ಚಕ್ರವನ್ನು ಹುಡುಕಲಿಕ್ಕಲ್ಲ, ಕ್ಷ-ಕಿರಣವು ಡಿ.ಎನ್.ಎ. ಸಂಶ್ಲೇಷಣೆಯನ್ನು ಏನು ಮಾಡುತ್ತದೆಂದು ನೋಡಲಿಕ್ಕೆ. ಅವರ ಮುಖ್ಯ ಪ್ರಬಂಧವು ಅಚ್ಚಾದುದು ೧೯೫೩ರಲ್ಲಿ, ವಾಟ್ಸನ್ ಮತ್ತು ಕ್ರಿಕ್ ಎರಡೆಳೆಯ ರಚನೆಯನ್ನು ಸಾರಿದ ವರ್ಷದಲ್ಲಿಯೇ.

ಸಂಶ್ಲೇಷಣೆ ಕುಗ್ಗುವುದೇಕೆ? ಎಲ್ಲರಿಗೂ ಮೊದಲು ತೋರಿದ ಉತ್ತರ, ಯಂತ್ರ ಕೆಟ್ಟಿದೆ ಎಂಬುದು. ಪೆಟ್ಟು ತಿಂದ ಎತ್ತು ನಿಧಾನವಾಗಿ ನಡೆಯುವಂತೆ, ಪೆಟ್ಟು ತಿಂದ ಕೋಶವು ನಿಧಾನವಾಗಿ ಬರೆಯುತ್ತದೆ ಎಂದು ಬಹುಕಾಲ ತಿಳಿದಿದ್ದರು. ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿದುದು ಒಂದು ಅಪರೂಪದ ಕಾಯಿಲೆ. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಉದ್ದನೆಯ ಹೆಸರು ಅದಕ್ಕೆ. ಇದು ಹುಟ್ಟಿನಿಂದಲೇ ಬರುವಂತಹುದು. ಮಗುವಿನ ನಡಿಗೆ ತೊಡರುತ್ತದೆ, ಕಣ್ಣಿನ ಬಿಳಿಯಲ್ಲಿ ಕೆಂಪು ಎಳೆಗಳು ಕಾಣಿಸಿಕೊಳ್ಳುತ್ತವೆ, ಅನೇಕರಿಗೆ ಚಿಕ್ಕಂದಿನಲ್ಲಿಯೇ ರಕ್ತದ ಕ್ಯಾನ್ಸರು ತಗುಲುತ್ತದೆ. ಇಂತಹ ಮಕ್ಕಳಿಗೆ ಎಲ್ಲರಿಗೂ ಕೊಡುವಂತೆಯೇ ಕಿರಣಚಿಕಿತ್ಸೆಯನ್ನು ಕೊಟ್ಟಾಗ, ಇತರರು ಸಹಿಸುವ ಪ್ರಮಾಣವೇ ಅವರಿಗೆ ಘಾತುಕವಾಯಿತು. ೧೯೮೦ರಲ್ಲಿ ರಾಬರ್ಟ್ ಪೇಂಟರ್ ಮತ್ತು ಬಾರ್ಬರಾ ಯಂಗ್ ಅಂತಹವರ ಕೋಶಗಳನ್ನು ಗಾಜಿನ ಪಾತ್ರೆಗಳಲ್ಲಿ ಬೆಳೆಯಿಸಿ, ಕಿರಣ ತಾಗಿಸಿ, ಸಂಶ್ಲೇಷಣೆಯನ್ನು ಅಳೆದರು. ಅತಿ ನಾಜೂಕಾದ ಈ ಕೋಶಗಳಲ್ಲಿ ಸಂಶ್ಲೇಷಣೆಯು ಹೆಚ್ಚು ಕುಗ್ಗಿರಬೇಕಷ್ಟೆ? ಕಂಡದ್ದು ಬೇರೆ. ಆರೋಗ್ಯವಂತರ ಕೋಶಗಳು ಬರವಣಿಗೆಯನ್ನು ನಿಲ್ಲಿಸಿದ್ದುವು. ರೋಗಿಗಳ ಕೋಶಗಳು ಏನೂ ಆಗದವರಂತೆ ಬರೆಯುತ್ತಲೇ ಇದ್ದುವು!

ಸಂಶ್ಲೇಷಣೆ ಕುಗ್ಗುವುದು ಪೆಟ್ಟಿನ ಫಲವಲ್ಲ, ಕೋಶವು ತಾನಾಗಿ ಹಿಡಿಯುವ ಲಗಾಮು ಎಂಬುದು ಅಲ್ಲಿಂದ ಸ್ಪಷ್ಟವಾಗುತ್ತ ಬಂದಿತು. ಯಂತ್ರವು ಕೆಟ್ಟು ನಿಂತುದಲ್ಲ; ಲಿಪಿಕಾರನು ಕಂಠವನ್ನು ಕೆಳಗಿಟ್ಟಿದ್ದಾನೆ. ಈ ರೋಗದಲ್ಲಿ ಕೆಟ್ಟಿರುವ ಜೀನನ್ನು ೧೯೯೫ರಲ್ಲಿ ಟೆಲ್ ಅವೀವ್‌ನ ಯೋಸೆಫ್ ಶಿಲೋ ಮತ್ತು ಸಂಗಡಿಗರು ಗುರುತಿಸಿ, ರೋಗದ ಹೆಸರಿನಿಂದಲೇ ಎ.ಟಿ.ಎಂ. ಎಂದು ಕರೆದರು. (ಹಣ ಕೊಡುವ ಪೆಟ್ಟಿಗೆಗೂ ಇದಕ್ಕೂ ಯಾವ ನಂಟೂ ಇಲ್ಲವೆಂದು ನಾನು ತರಗತಿಯಲ್ಲಿ ಪ್ರತಿವರ್ಷವೂ ಹೇಳಬೇಕಾಗುತ್ತದೆ.) ಆ ಜೀನಿನಿಂದಾಗುವ ಪ್ರೋಟೀನು ಕೋಶಕೇಂದ್ರದಲ್ಲಿ ಕಾವಲಿರುತ್ತದೆ. ಎರಡು ಎಳೆಗಳೂ ಹರಿದ ಒಂದು ಗಾಯ ಎಲ್ಲಿಯಾದರೂ ತೋರಿದರೆ ಅದು ಎಚ್ಚತ್ತು, ಬೇರೆ ಪ್ರೋಟೀನುಗಳಿಗೆ ರಂಜಕದ ಮುದ್ರೆಯನ್ನೊತ್ತಿ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಕೈಯಿಂದ ಕೈಗೆ ಹೋಗಿ, ಹೊಸ ಸ್ಥಳಗಳಲ್ಲಿ ಬರವಣಿಗೆಯನ್ನು ಆರಂಭಿಸುವ ಕಿಣ್ವಗಳು ಸುಮ್ಮನಾಗುತ್ತವೆ. ಹಿಂದೆ ಹೇಳಿದ ಆರಂಭದ ಸ್ಥಳಗಳ ಮಾತು ಇಲ್ಲಿಗೆ ಬೇಕಾದುದು: ಆಗಲೇ ನಡೆಯುತ್ತಿರುವ ಬರವಣಿಗೆಯು ಬಹುಮಟ್ಟಿಗೆ ಮುಂದುವರಿಯುತ್ತದೆ, ಹೊಸದಾಗಿ ತೊಡಗಬೇಕಾದುದು ತಡೆಯಲ್ಪಡುತ್ತದೆ. ಇನ್ನೂ ಪ್ರತಿ ಮಾಡಲು ತೊಡಗದ ಕೋಶವಾದರೆ, ಪಿ-೫೩ ಎಂಬ ಮತ್ತೊಂದು ಪ್ರೋಟೀನು ಹೊಸ್ತಿಲಲ್ಲಿಯೇ ಅದನ್ನು ನಿಲ್ಲಿಸುತ್ತದೆ. ಎ.ಟಿ.ಎಂ. ಕೆಟ್ಟವರ ನಾಜೂಕಿಗೆ ನಿಲ್ಲದಿರುವುದೊಂದೇ ಕಾರಣವಲ್ಲ. ಹರಿದುದನ್ನು ಹೊಲಿಯುವ ಕೆಲಸಕ್ಕೂ ಅದೇ ಪ್ರೋಟೀನು ಬೇಕಾಗಿದೆ.

ನಿಂತ ಹೊತ್ತಿನಲ್ಲಿ ದುರಸ್ತಿ ನಡೆಯುತ್ತದೆ. ಪ್ರತಿ ಆಗಲೇ ಮುಗಿದಿರುವ ಭಾಗದಲ್ಲಿ ಗಾಯವಾಗಿದ್ದರೆ ಪಕ್ಕದಲ್ಲಿ ಹೊಸ ಪ್ರತಿಯಿದ್ದೇ ಇದೆ. ಅದನ್ನು ನೋಡಿ ಹರಿದುದನ್ನು ತಪ್ಪಿಲ್ಲದೆ ಕೂಡಿಸಬಹುದು. ಸಂಶ್ಲೇಷಣೆಯ ಕೊನೆಯ ಗಂಟೆಗಳಲ್ಲಿರುವ ಕೋಶಗಳು ಕಿರಣವನ್ನು ಎಲ್ಲಕ್ಕಿಂತ ಚೆನ್ನಾಗಿ ತಾಳಿಕೊಳ್ಳುವುದಕ್ಕೆ ಇದೇ ಮುಖ್ಯ ಕಾರಣ. ಪ್ರತಿಯಿಲ್ಲದಿರುವಾಗ ಕೋಶವು ತುದಿಗಳೆರಡನ್ನು ಹಾಗೆಯೇ ಅಂಟಿಸುತ್ತದೆ. ಕೆಲವು ಅಕ್ಷರಗಳು ಹೋಗಬಹುದು, ಒಂದು ವರ್ಣತಂತುವಿನ ತುಂಡು ಮತ್ತೊಂದಕ್ಕೆ ಅಂಟಿಕೊಳ್ಳಲೂಬಹುದು. ದುರಸ್ತಿ ಸಾಧ್ಯವೇ ಇಲ್ಲವೆಂದು ಕಂಡರೆ ಅನೇಕ ಕೋಶಗಳು ತಾವಾಗಿಯೇ ಸಾಯುತ್ತವೆ. ಕೋಶದ ಸಾವಿಗೆ ನಾವು ಅಂಜಬೇಕಾದುದಿಲ್ಲ. ತಪ್ಪಾಗಿ ಕೂಡಿಕೊಂಡ ಬರೆಹವನ್ನು ಹೊತ್ತು, ಬದುಕಿ, ಅದನ್ನೇ ಪ್ರತಿ ಮಾಡುತ್ತ ಹೋಗುವ ಕೋಶಕ್ಕೆ ಅಂಜಬೇಕು. ವರ್ಷಗಳ ತರುವಾಯ ಕ್ಯಾನ್ಸರು ಹುಟ್ಟುವುದು ಇಂತಹ ಕೋಶದಿಂದ.

ಇದೇ ವಿಷಯವು ಮದ್ದೂ ಆಗುತ್ತದೆ. ನಮ್ಮ ಕಡೆಯಿಂದ ಕಲಬುರಗಿಗೋ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಿ ಬಂದವರು ‘ಕರೆಂಟು ಕೊಡಿಸಿಕೊಂಡು ಬಂದೆವು’ ಎನ್ನುವುದುಂಟು. ಅದು ವಿದ್ಯುತ್ತಲ್ಲ, ಗಾಮಾ ಕಿರಣ ಅಥವಾ ಬಲವಾದ ಕ್ಷ-ಕಿರಣ. ಸಾಮಾನ್ಯವಾಗಿ ದಿನಕ್ಕೆ ೨ ಗ್ರೇಗಳಂತೆ ಹಲವು ವಾರ ಕೊಡುತ್ತಾರೆ. ಒಮ್ಮೆಗೇ ಕೊಟ್ಟು ಮುಗಿಸದೆ ದಿನದಿನವೂ ಓಡಾಡಿಸುತ್ತಾರಲ್ಲಾ ಎಂದು ಬೇಸರಪಡುವವರಿದ್ದಾರೆ. ಎರಡು ದಿನಗಳ ನಡುವಣ ಆ ಬಿಡುವು ಆರೋಗ್ಯವಾದ ಕೋಶಗಳಿಗಾಗಿ. ಅವು ನಿಲ್ಲಬಲ್ಲವು, ನಿಂತು ದುರಸ್ತಿ ಮಾಡಿಕೊಳ್ಳಬಲ್ಲವು. ಗಂತಿಯ ಕೋಶಗಳಲ್ಲಿ ಅನೇಕವು ಈ ನಿಲ್ಲುವ ಗುಣವನ್ನು ಕಳೆದುಕೊಂಡಿರುತ್ತವೆ. ಬಾಯಿಯ ಹುಣ್ಣು, ಬೇಧಿ, ಕೂದಲುದುರುವಿಕೆ ಇವು ಚಿಕಿತ್ಸೆಯ ಜೊತೆಗೆ ಬರುವುದೂ ಇದಕ್ಕೆ ಹೊಂದಿಕೊಂಡೇ ಇದೆ. ಬಾಯಿ, ಕರುಳು, ಕೂದಲ ಬುಡ ಇವು ಸದಾ ಹೊಸ ಕೋಶಗಳನ್ನು ಮಾಡುತ್ತಿರುವ ಸ್ಥಳಗಳು.

ಇಷ್ಟನ್ನು ತಿಳಿದ ಮೇಲೆ ಗೋಗಿಯ ಪ್ರಶ್ನೆಯನ್ನು ಸರಿಯಾಗಿ ಕೇಳಬಹುದು. ಯುರೇನಿಯಂ ಹೊರಡಿಸುವುದು ಮುಖ್ಯವಾಗಿ ಆಲ್ಫಾ ಕಣಗಳನ್ನು. ಇವು ಭಾರವಾದವು, ಒಂದು ಕೂದಲಿನ ದಪ್ಪದಷ್ಟು ದೂರದೊಳಗೇ ಮೈಯ ಅಂಗಾಂಶದಲ್ಲಿ ನಿಂತುಬಿಡುತ್ತವೆ. ಚರ್ಮದ ಮೇಲಿನ ಸತ್ತ ಪದರವನ್ನು ದಾಟಲಾರವು. ಕಲ್ಲನ್ನು ಮುಟ್ಟಿದ ಮಾತ್ರಕ್ಕೆ ಅಪಾಯವಿಲ್ಲ. ಒಳಗೆ ಹೋದರೆ ಮಾತ್ರ ಸಂಗತಿ ಬೇರೆ. ಕ್ಷ-ಕಿರಣದ ಎಲೆಕ್ಟ್ರಾನುಗಳು ಚದುರಿದ ಗಾಯಗಳನ್ನು ಮಾಡಿದರೆ, ಆಲ್ಫಾ ಕಣವು ಕೋಶಕೇಂದ್ರದೊಳಗೆ ನೇಗಿಲ ಸಾಲನ್ನೇ ಎಳೆಯುತ್ತದೆ. ಅದರ ದಾರಿಯಲ್ಲಿ ಎರಡೆಳೆಯ ಗಾಯಗಳು ಒತ್ತೊತ್ತಾಗಿ ಬೀಳುವುದರಿಂದ ದುರಸ್ತಿ ಬಲು ಕಷ್ಟ.

ಹಾಗಾದರೆ ಕೊಳವೆಬಾವಿಯ ನೀರಿನಲ್ಲಿ ಯುರೇನಿಯಂ ಕರಗಿದ್ದರೆ ಏನು ಗತಿ? ಗ್ರಾನೈಟಿನ ನಾಡಿನಲ್ಲಿ ಇದು ಗೋಗಿಯ ಮಾತಷ್ಟೇ ಅಲ್ಲ. ಕರ್ನಾಟಕದ ಪೂರ್ವದ ಜಿಲ್ಲೆಗಳ ಅನೇಕ ಊರುಗಳಲ್ಲಿಯೂ ಇಂತಹ ನೀರು ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿಗೆ ಲೀಟರಿಗೆ ೩೦ ಮೈಕ್ರೋಗ್ರಾಂ ಎಂಬ ಮಿತಿಯನ್ನು ೨೦೧೧ರಲ್ಲಿ ಹಾಕಿದೆ. ಅಷ್ಟು ಯುರೇನಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ಒಂದು ವರ್ಷ ಕುಡಿದರೆ ಹೊಟ್ಟೆಗೆ ಹೋಗುವುದು ೨೨ ಮಿಲಿಗ್ರಾಂ. ಯುರೇನಿಯಮ್ಮಿನ ಅರ್ಧಾಯುಸ್ಸು ೪೪೭ ಕೋಟಿ ವರ್ಷಗಳು. ಇಷ್ಟು ನಿಧಾನವಾಗಿ ಕ್ಷಯಿಸುವುದರಿಂದಲೇ ಒಂದು ಮಿಲಿಗ್ರಾಮಿನಿಂದ ಸೆಕೆಂಡಿಗೆ ಹೊರಡುವ ಕಣಗಳು ಇಪ್ಪತ್ತೈದು ಮಾತ್ರ. ಅದರಲ್ಲಿಯೂ ಬಹುಪಾಲು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಇವನ್ನೆಲ್ಲ ಹಿಡಿದು ಲೆಕ್ಕ ಹಾಕಿದರೆ, ವರ್ಷಕ್ಕೆ ಮೈಗೆ ತಗಲುವ ವಿಕಿರಣ ೦.೦೩ ಮಿಲಿಸೀವರ್ಟಿನ ಆಸುಪಾಸು. ಆಕಾಶ, ನೆಲ, ಗಾಳಿ, ಆಹಾರಗಳಿಂದ ಜಗತ್ತಿನ ಜನರಿಗೆ ಸರಾಸರಿ ತಗಲುತ್ತಿರುವುದು ವರ್ಷಕ್ಕೆ ೨.೪ ಮಿಲಿಸೀವರ್ಟ್. ನೀರಿನ ಯುರೇನಿಯಂ ಅದರ ನೂರರಲ್ಲೊಂದು ಪಾಲಿನ ಹತ್ತಿರದ್ದು. ಹಾಗಿದ್ದರೂ ಮಿತಿಯೇಕೆ? ಯುರೇನಿಯಂ ಸೀಸದಂತೆಯೇ ಒಂದು ಭಾರಲೋಹ. ಮೂತ್ರಪಿಂಡಕ್ಕೆ ರಾಸಾಯನಿಕ ವಿಷ. ಆ ಮಿತಿಯನ್ನು ಹಾಕಿದುದು ಮೂತ್ರಪಿಂಡವನ್ನು ಕಾಯಲಿಕ್ಕೆ. ನೀರಿನ ಮಾತು ಬಂದಾಗಲೆಲ್ಲ ‘ವಿಕಿರಣ, ವಿಕಿರಣ’ ಎಂದು ಕೂಗುವವರು, ನನ್ನ ಅಭಿಪ್ರಾಯದಲ್ಲಿ, ತಪ್ಪು ಬಾಗಿಲನ್ನು ತಟ್ಟುತ್ತಿದ್ದಾರೆ. ವಿಕಿರಣ ಅಲ್ಪವೆಂದು ಹೇಳಿ ನೀರೇ ನಿರಪಾಯವೆನ್ನುವವರೂ ಅಷ್ಟೇ.

ನಮ್ಮ ಜಿಲ್ಲೆಯ ನೀರಿನಲ್ಲಿ ಬೇರೆ ಶತ್ರುಗಳೂ ಇದ್ದಾರೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮರೋಗಗಳಿಗೆ ಬಾವಿಯ ನೀರಿನಲ್ಲಿದ್ದ ಪಾಷಾಣ, ಎಂದರೆ ಆರ್ಸೆನಿಕ್ಕು, ಕಾರಣವೆಂದು ತಿಳಿದುಬಂದಿತು. ಹತ್ತಿರದ ಮಂಗಳೂರೆಂಬ ಹಳ್ಳಿಯಲ್ಲಿ ಹಿಂದೆ ಚಿನ್ನದ ಗಣಿಯಿತ್ತು. ಪಾಷಾಣದಿಂದ ಯಾವ ಕಿರಣವೂ ಹೊರಡುವುದಿಲ್ಲ. ಆದರೆ ಡಿ.ಎನ್.ಎ.ಯ ಗಾಯಗಳನ್ನು ಸರಿಪಡಿಸುವ ಕೆಲವು ಪ್ರೋಟೀನುಗಳೊಳಗಿನ ಸತುವನ್ನು ಕದಲಿಸಿ ಅದು ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಗರಿಯನ್ನು ಹರಿಯುವವನು ಒಬ್ಬ, ಹೊಲಿಯುವವನ ಕೈಯನ್ನು ಕಟ್ಟುವವನು ಮತ್ತೊಬ್ಬ.

ಯುರೇನಿಯಮ್ಮಿನ ವಿಷಯದಲ್ಲಿ ನಿಜವಾದ ವಿಕಿರಣದ ಅಪಾಯವಿರುವುದು ಅದರ ಸಂತತಿಯಲ್ಲಿ. ಅದು ಕ್ಷಯಿಸುತ್ತ ಥೋರಿಯಂ, ರೇಡಿಯಂ, ಬಳಿಕ ರೇಡಾನ್ ಎಂಬ ಅನಿಲವಾಗುತ್ತದೆ. ರೇಡಾನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅರ್ಧಾಯುಸ್ಸು ನಾಲ್ಕು ದಿನಗಳಿಗೂ ಕಡಿಮೆ. ಗಣಿಯ ಸುರಂಗದಲ್ಲಿ ಅದು ತುಂಬಿಕೊಂಡರೆ, ಅದರಿಂದ ಹುಟ್ಟುವ ಪೊಲೋನಿಯಂ ಉಸಿರಿನೊಡನೆ ಹೋಗಿ ಶ್ವಾಸಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಅಲ್ಲಿ ಸತ್ತ ಚರ್ಮದ ಕವಚವಿಲ್ಲ. ಪದೇ ಪದೇ ಪ್ರತಿ ಮಾಡಿಕೊಳ್ಳುವ ಜೀವಂತ ಕೋಶಗಳು ಆಲ್ಫಾ ಕಣಕ್ಕೆ ನೇರವಾಗಿ ಸಿಗುತ್ತವೆ. ಜರ್ಮನಿಯ ಶ್ನೇಬೆರ್ಗ್ ಗಣಿಗಳ ಕಾರ್ಮಿಕರು ಬಲಿಯಾಗುತ್ತಿದ್ದ ‘ಗಣಿಯವರ ರೋಗ’ವು ಶ್ವಾಸಕೋಶದ ಕ್ಯಾನ್ಸರೆಂದು ೧೮೭೯ರಲ್ಲಿಯೇ ಇಬ್ಬರು ವೈದ್ಯರು ತೋರಿಸಿದ್ದರು. ರೇಡಿಯಮ್ಮಿನ ಹೆಸರೇ ಆಗ ಹುಟ್ಟಿರಲಿಲ್ಲ. ಇದಕ್ಕೆ ಪರಿಹಾರವು ಕಷ್ಟವಾದುದೇನಲ್ಲ: ಸುರಂಗದೊಳಗೆ ಗಾಳಿಯನ್ನು ಬಿಡದೆ ಆಡಿಸುವುದು, ರೇಡಾನನ್ನು ಪ್ರತಿದಿನ ಅಳೆಯುವುದು, ಅಳೆದುದನ್ನು ಕೆಲಸಗಾರನಿಗೆ ತೋರಿಸುವುದು.

ಇನ್ನೊಂದು ಸಂಗತಿ ಹುಡಿಯದು. ಅದಿರನ್ನು ಅರೆದು ಯುರೇನಿಯಮ್ಮನ್ನು ತೆಗೆದುಕೊಂಡ ಮೇಲೆ ಉಳಿಯುವ ಹುಡಿಯಲ್ಲಿ ಮೂಲದ ವಿಕಿರಣಪಟುತ್ವದ ನೂರಕ್ಕೆ ೮೫ರಷ್ಟು ಉಳಿದೇ ಇರುತ್ತದೆ, ಏಕೆಂದರೆ ಥೋರಿಯಂ, ರೇಡಿಯಂಗಳನ್ನು ಯಾರೂ ತೆಗೆದುಕೊಂಡು ಹೋಗುವುದಿಲ್ಲ. ಅಲ್ಲಿಯ ಥೋರಿಯಮ್ಮಿನ ಅರ್ಧಾಯುಸ್ಸು ಸುಮಾರು ೭೫,೦೦೦ ವರ್ಷ. ಗೋಗಿಯಲ್ಲಿ ಗಣಿಯಾಗುವುದೇ ಆದರೆ ಊರವರು ಮೊದಲು ಕೇಳಬೇಕಾದುದು ಆ ಹುಡಿಯನ್ನು ಎಲ್ಲಿ ಇಡುತ್ತೀರಿ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಅದರ ನೀರು ಇಳಿಯದಂತೆ ಏನು ಮಾಡುತ್ತೀರಿ ಎಂಬುದನ್ನು.

ಅಲ್ಪಪ್ರಮಾಣದ ವಿಕಿರಣದಲ್ಲಿ ಬಾಳುವವರ ಸಂಗತಿಯೂ ಇದೆ. ಕೇರಳದ ಕರುನಾಗಪ್ಪಳ್ಳಿಯ ಕಡಲತೀರದ ಮರಳಿನಲ್ಲಿ ಥೋರಿಯಂ ಇದೆ. ಅಲ್ಲಿಯ ಸುಮಾರು ೭೦,೦೦೦ ಜನರನ್ನು ಹಲವು ವರ್ಷ ಗಮನಿಸಿ ೨೦೦೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅದರಿಂದ ಕ್ಯಾನ್ಸರು ಹೆಚ್ಚಿದುದು ಕಂಡುಬರಲಿಲ್ಲ. ನಿಧಾನವಾಗಿ ಬಂದ ಗಾಯಗಳನ್ನು ಕೋಶಗಳು ಬಹುಮಟ್ಟಿಗೆ ನಿಭಾಯಿಸುತ್ತವೆ ಎಂಬುದಕ್ಕೆ ಇದು ಒಪ್ಪುತ್ತದೆ. ಆದರೆ ಇದು ಮರಳಿನಿಂದ ಹೊರಗಿನಿಂದ ಬರುವ ಗಾಮಾ ಕಿರಣದ ಮಾತು. ಗಣಿಯೊಳಗೆ ಉಸಿರಾಡುವ ರೇಡಾನಿಗೆ ಇದನ್ನು ಹೊಂದಿಸಿ ಸಮಾಧಾನ ಹೇಳುವುದು ನ್ಯಾಯವಲ್ಲ.

ಒಬ್ಬನಿಗೆ ಎಷ್ಟು ವಿಕಿರಣ ತಾಗಿತೆಂಬುದನ್ನು ಅವನ ರಕ್ತದಿಂದಲೇ ತಿಳಿಯುವ ಉಪಾಯವೂ ಒಂದುಂಟು. ರಕ್ತದಲ್ಲಿಯ ಲಿಂಫೋಸೈಟ್ ಎಂಬ ಬಿಳಿಕೋಶಗಳು ಸಾಮಾನ್ಯವಾಗಿ ವಿಶ್ರಾಂತಿಯಲ್ಲಿರುತ್ತವೆ, ಡಿ.ಎನ್.ಎ.ಯನ್ನು ಪ್ರತಿ ಮಾಡುವುದಿಲ್ಲ. ರಾಜ್ಮಾ ಕಾಳಿನಿಂದ ತೆಗೆದ ಒಂದು ಸತ್ವವನ್ನು ಹಾಕಿದರೆ ಅವು ಎಚ್ಚತ್ತು ಸಂಶ್ಲೇಷಣೆಗೆ ತೊಡಗುತ್ತವೆಂದು ೧೯೬೦ರಲ್ಲಿ ಅಮೆರಿಕದ ಪೀಟರ್ ನೊವೆಲ್ ಕಂಡುಕೊಂಡರು. ನಲವತ್ತೆಂಟು ಗಂಟೆಗಳ ಬಳಿಕ, ಮೊದಲ ವಿಭಜನೆಯ ಹೊತ್ತಿಗೆ, ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹರಿದ ಎರಡು ವರ್ಣತಂತುಗಳು ತಪ್ಪಾಗಿ ಕೂಡಿಕೊಂಡಿದ್ದರೆ ಎರಡು ಸೊಂಟಗಳುಳ್ಳ ಒಂದು ವರ್ಣತಂತು ಕಾಣುತ್ತದೆ. ಆರೋಗ್ಯವಂತರಲ್ಲಿ ಇಂತಹುದು ಸಾವಿರ ಕೋಶಗಳಿಗೆ ಒಂದರ ಹತ್ತಿರ. ಹೆಚ್ಚಿದ್ದರೆ, ಎಷ್ಟು ಹೆಚ್ಚೆಂಬುದರ ಮೇಲೆ ತಾಗಿದ ಪ್ರಮಾಣವನ್ನು ಹೇಳಬಹುದು. ೨೦೧೦ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಗೆ ಹಳೆಯ ಸಾಮಾನಿನೊಡನೆ ಕೋಬಾಲ್ಟ್-೬೦ ಬಂದುಬಿಟ್ಟಾಗ, ಅದನ್ನು ಅರಿಯದೆ ಮುಟ್ಟಿದವರ ರಕ್ತವನ್ನು ಹೀಗೆ ಪರೀಕ್ಷಿಸಿದರು. ಈ ಪರೀಕ್ಷೆಗೆ ಬೇಕಾದುದು ಕೆಲವೇ ಮಿಲಿಲೀಟರು ರಕ್ತ, ಎರಡು ದಿನದ ಕಾಲ, ಮತ್ತು ನೂರಾರು ಕೋಶಗಳನ್ನು ಒಂದೊಂದಾಗಿ ಎಣಿಸುವ ತಾಳ್ಮೆಯುಳ್ಳ ಕಣ್ಣುಗಳು.